ಮನೆಗೊಂದು ಹೊಸ ಕಾರು: ಬೆಲೆಪಟ್ಟಿಯ ಆಚೆಗಿನ ಲೆಕ್ಕ

ಎಕ್ಸ್-ಶೋರೂಂ ಬೆಲೆ, ಅಂದರೆ ರಾಜ್ಯದ ತೆರಿಗೆ ಮತ್ತು ವಿಮೆ ಸೇರುವ ಮೊದಲಿನ ಬೆಲೆ, 9 ಲಕ್ಷ 95 ಸಾವಿರ ರೂಪಾಯಿ ಇರುವ ಪೆಟ್ರೋಲ್ ಕಾರಿಗೂ 10 ಲಕ್ಷ 5 ಸಾವಿರ ರೂಪಾಯಿಯ ಕಾರಿಗೂ ಇರುವ ಅಂತರ 10 ಸಾವಿರ ಎಂದು ಯಾರಾದರೂ ಹೇಳಿಯಾರು. ಕರ್ನಾಟಕದಲ್ಲಿ ಆ ಅಂತರ ಸುಮಾರು 55 ಸಾವಿರ. ಐದರಿಂದ ಹತ್ತು ಲಕ್ಷದ ವರೆಗಿನ ಕಾರಿಗೆ ರಾಜ್ಯದ ಜೀವಾವಧಿ ತೆರಿಗೆ ಶೇ 14. ಹತ್ತು ಲಕ್ಷ ದಾಟಿದರೆ ಶೇ 17. ಆದಾಯ ತೆರಿಗೆಯಲ್ಲಿ ಹೆಚ್ಚಿನ ದರವು ಗೆರೆ ದಾಟಿದ ಮೊತ್ತಕ್ಕೆ ಮಾತ್ರ ಬೀಳುತ್ತದೆ; ಇಲ್ಲಿ ಹಾಗಿಲ್ಲ, ಇಡೀ ಬೆಲೆಗೆ ಬೀಳುತ್ತದೆ. ಆ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್ ಬೇರೆ. ಹೀಗಾಗಿ ಮೊದಲ ಕಾರಿಗೆ ತೆರಿಗೆ ಮತ್ತು ಸೆಸ್ ಸೇರಿ 1,54,623 ರೂಪಾಯಿ, ಎರಡನೆಯದಕ್ಕೆ 1,89,643 ರೂಪಾಯಿ. ಇದರ ಜೊತೆಗೆ ಹತ್ತು ಲಕ್ಷ ಮೀರಿದ ಕಾರಿನ ಬೆಲೆಯ ಶೇ 1ರಷ್ಟನ್ನು ಡೀಲರು ಆದಾಯ ತೆರಿಗೆಯ ಲೆಕ್ಕದಲ್ಲಿ ವಸೂಲಿ ಮಾಡುತ್ತಾನೆ. ಅದನ್ನು ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದರೂ ಕಾರು ಕೊಳ್ಳುವ ದಿನ ಅದು ಕೈಬಿಟ್ಟು ಹೋಗುವ ಹಣವೇ.

ಕಾರಿನ ಆಯ್ಕೆ ಎಂದಾಗ ಹೆಚ್ಚಿನವರು ಕಂಪನಿ, ಮಾಡೆಲ್, ಬಣ್ಣಗಳಿಂದ ಆರಂಭಿಸುತ್ತಾರೆ. ಆದರೆ ಮಾಡೆಲ್ ಕೊನೆಯಲ್ಲಿ ಬರಬೇಕಾದದ್ದು. ವರ್ಷದ ಬಹುಪಾಲು ದಿನಗಳಲ್ಲಿ ಆ ಕಾರು ಯಾರನ್ನು, ಎಲ್ಲಿಗೆ, ಎಷ್ಟು ದೂರ ಒಯ್ಯುತ್ತದೆ ಎಂಬುದು ಮೊದಲ ಪ್ರಶ್ನೆ. ಆರೇಳು ವರ್ಷ ಅದನ್ನು ಇಟ್ಟುಕೊಂಡರೆ ಒಟ್ಟು ಎಷ್ಟು ಖರ್ಚಾಗುತ್ತದೆ ಎಂಬುದು ಎರಡನೆಯದು. ಈ ಎರಡಕ್ಕೂ ಕಾಗದದ ಮೇಲೆ ಉತ್ತರ ಬರೆದುಕೊಂಡ ಮೇಲೆ ಮಾರುಕಟ್ಟೆಯಲ್ಲಿರುವ ಹತ್ತಾರು ಕಾರುಗಳಲ್ಲಿ ಮೂರೋ ನಾಲ್ಕೋ ಮಾತ್ರ ಉಳಿಯುತ್ತವೆ, ಅವುಗಳ ನಡುವೆ ಆರಿಸುವುದು ಕಷ್ಟವಲ್ಲ.

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ವಾಸ. ಗಂಡ, ಹೆಂಡತಿ, ಒಂಬತ್ತು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು, ಮಂಡಿನೋವಿರುವ ಎಪ್ಪತ್ತರ ಅಮ್ಮ. ಊರು ಶಿರಸಿಯ ಕಡೆ. ಕಚೇರಿಗೆ ಒಬ್ಬರು ಮೆಟ್ರೊದಲ್ಲಿ, ಇನ್ನೊಬ್ಬರು ಸ್ಕೂಟರಿನಲ್ಲಿ ಹೋಗುತ್ತಾರೆ. ಕಾರು ಬೇಕಿರುವುದು ಮಳೆಯ ದಿನ ಶಾಲೆಗೆ, ಆಸ್ಪತ್ರೆಗೆ, ಭಾನುವಾರದ ಮಾರುಕಟ್ಟೆಗೆ, ನೆಂಟರ ಮನೆಗೆ. ಹಬ್ಬಕ್ಕೂ ಬೇಸಿಗೆ ರಜೆಗೂ ಊರಿಗೆ. ತಿಂಗಳಿಗೆ 800 ಕಿಲೋಮೀಟರ್ ಓಡಿದರೆ ಹೆಚ್ಚು. ಕೈಯಲ್ಲಿರುವುದು ಎಲ್ಲ ಸೇರಿ 11 ಲಕ್ಷ. ಈ ಮನೆಯವರು ಶೋರೂಮಿಗೆ ಹೋದರೆ ಅವರಿಗೆ ಮೊದಲು ತೋರಿಸುವುದು ಏಳು ಸೀಟಿನ ಕಾರನ್ನು ಅಥವಾ ಎತ್ತರದ ಎಸ್‌ಯುವಿಯನ್ನು. "ಊರಿಗೆ ಹೋಗುವಾಗ ಎಲ್ಲರೂ ಒಟ್ಟಿಗೆ ಹೋಗಬಹುದು ಸರ್" ಎಂಬ ಮಾತು ಕೇಳಲು ಹಿತವಾಗಿರುತ್ತದೆ. ಊರಿಗೆ ಹೋಗುವುದು ವರ್ಷಕ್ಕೆ ಮೂರು ಬಾರಿ.

ಏಳು ಸೀಟಿನ ಲೆಕ್ಕವನ್ನು ಡಿಕ್ಕಿಯಿಂದ ಆರಂಭಿಸುವುದು ಒಳ್ಳೆಯದು. ಮೂರನೆಯ ಸಾಲನ್ನು ಎತ್ತಿ ನಿಲ್ಲಿಸಿದಾಗ ಮಾರುತಿ ಎರ್ಟಿಗಾದಲ್ಲಿ ಉಳಿಯುವ ಸಾಮಾನಿನ ಜಾಗ 209 ಲೀಟರು. ನಾಲ್ಕು ಮೀಟರಿನೊಳಗೇ ಏಳು ಸೀಟು ಹೊಂದಿಸಿರುವ ರೆನೊ ಟ್ರೈಬರ್‌ನಲ್ಲಿ 84 ಲೀಟರು. ಅಂದರೆ ಏಳು ಜನ ಕುಳಿತರೆ ಏಳು ಜನರ ಬಟ್ಟೆಬರೆಗೆ ಜಾಗವಿಲ್ಲ, ಮಾವಿನಕಾಯಿ ಚೀಲಕ್ಕಂತೂ ಇಲ್ಲವೇ ಇಲ್ಲ. ಅದೇ ಎರ್ಟಿಗಾದ ಹಿಂದಿನ ಸಾಲನ್ನು ಮಡಚಿದರೆ ಜಾಗ 550 ಲೀಟರಿಗೆ ಏರುತ್ತದೆ, ಆಗ ಅದು ಐದು ಜನರ ಬಹಳ ಒಳ್ಳೆಯ ಕಾರು. ವಾರಕ್ಕೊಮ್ಮೆಯಾದರೂ ಆರೇಳು ಜನ ಕೂರುವ ಮನೆಗೆ ಮೂರನೆಯ ಸಾಲು ಬೇಕು. ವರ್ಷಕ್ಕೆ ಮೂರು ಬಾರಿ ಬೇಕಾದರೆ ಆ ಮೂರು ಬಾರಿ ಬಾಡಿಗೆಗೆ ಇನೊವಾ ತೆಗೆದುಕೊಳ್ಳುವುದು ಅಗ್ಗ. ಬಾಡಿಗೆ ಕಾರಿನಲ್ಲಿ ಹೋದರೆ ಮರ್ಯಾದೆ ಕಡಿಮೆಯಾಗುತ್ತದೆ ಎಂಬ ಭಾವನೆಗೆ ಎರಡು ಮೂರು ಲಕ್ಷ ಕೊಡುವವರಿಗೆ ನನ್ನಲ್ಲಿ ಉತ್ತರವಿಲ್ಲ.

ನಮ್ಮ ಈ ಕುಟುಂಬದ ನಿಜವಾದ ತೊಡಕು ಬೇರೆಡೆ ಇದೆ: ಹಿಂದಿನ ಸೀಟಿನಲ್ಲಿ ಅಮ್ಮ, ಇಬ್ಬರು ಮಕ್ಕಳು, ಅದರಲ್ಲಿ ಚಿಕ್ಕದಕ್ಕೆ ಮಕ್ಕಳ ಸೀಟು. ಮಕ್ಕಳ ಸೀಟನ್ನು ಒಂದು ಬದಿಗೆ ಕಟ್ಟಿದ ಮೇಲೆ ಉಳಿದ ಅಗಲದಲ್ಲಿ ಒಬ್ಬ ದೊಡ್ಡವರು, ಒಬ್ಬ ಒಂಬತ್ತು ವರ್ಷದ ಹುಡುಗ ಕೂರಬೇಕು. ಆದ್ದರಿಂದ ನೋಡಬೇಕಾದದ್ದು ಹಿಂದಿನ ಸೀಟಿನ ಅಗಲ, ನಡುವಿನ ಜಾಗದಲ್ಲಿ ಭುಜ, ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟೂ ತಲೆಯ ಆಸರೆಯೂ ಇವೆಯೇ ಎಂಬುದು, ನಡುವೆ ಕಾಲಿಡುವಲ್ಲಿ ನೆಲ ಉಬ್ಬಿದೆಯೇ ಎಂಬುದು. ಜಾಹೀರಾತಿನಲ್ಲಿ ಇವು ಯಾವುವೂ ಕಾಣುವುದಿಲ್ಲ. ಮಕ್ಕಳ ಸೀಟು ಈಗಾಗಲೇ ಮನೆಯಲ್ಲಿದ್ದರೆ ಅದನ್ನೇ ಶೋರೂಮಿಗೆ ಹೊತ್ತೊಯ್ದು ಕಟ್ಟಿ ನೋಡಬೇಕು. ಮಾರಾಟಗಾರ ಮುಖ ಸಿಂಡರಿಸಿದರೂ ಸರಿಯೇ.

ಅಮ್ಮನನ್ನೂ ಕರೆದೊಯ್ಯಬೇಕು. ಮಂಡಿನೋವಿರುವವರು ಕಾರಿಗೆ ಹತ್ತುವ ರೀತಿಯನ್ನು ಗಮನಿಸಿದರೆ ಕಾರಿನ ವಿನ್ಯಾಸದ ಅರ್ಧ ಗುಟ್ಟು ತಿಳಿಯುತ್ತದೆ. ಅವರು ಮೊದಲು ಬಾಗಿಲ ಅಂಚನ್ನು ಹಿಡಿಯುತ್ತಾರೆ, ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂರುತ್ತಾರೆ, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಡುತ್ತಾರೆ. ಸೀರೆಯ ನೆರಿಗೆ ಹೊಸ್ತಿಲಿಗೆ ಸಿಕ್ಕಿಕೊಳ್ಳದಂತೆ ಇನ್ನೊಂದು ಕೈಯಲ್ಲಿ ಹಿಡಿದಿರುತ್ತಾರೆ. ಸೀಟು ಅವರ ಸೊಂಟದ ಮಟ್ಟಕ್ಕಿಂತ ತುಸು ಕೆಳಗಿದ್ದರೆ ಇದೆಲ್ಲ ಸಲೀಸು. ಸೆಡಾನಿನ ಸೀಟು ತಗ್ಗಿನಲ್ಲಿರುವುದರಿಂದ ಕೂರುವುದು ಸುಲಭ, ಏಳುವುದು ಕಷ್ಟ. ದೊಡ್ಡ ಎಸ್‌ಯುವಿಗೆ ಮೆಟ್ಟಿಲು ಹತ್ತಿದಂತೆ ಹತ್ತಬೇಕು. ವ್ಯಾಗನ್ಆರ್, ಟಾಟಾ ಪಂಚ್‌ನಂಥ ಎತ್ತರದ ಚಿಕ್ಕ ಕಾರುಗಳು ವಯಸ್ಸಾದವರಿರುವ ಮನೆಗೆ ಹಿಡಿಸುವುದು ಈ ಕಾರಣಕ್ಕೆ. ಪಂಚ್ ಮತ್ತು ಆಲ್ಟ್ರೋಜ್‌ಗಳ ಬಾಗಿಲು 90 ಡಿಗ್ರಿ ತೆರೆದುಕೊಳ್ಳುವಂತೆ ಮಾಡಿರುವುದು ಕೂಡ ಇಂಥ ಬಳಕೆದಾರರಿಗೆ ನಿಜವಾದ ಅನುಕೂಲ. ಆದರೆ ನಿಮ್ಮ ಪಾರ್ಕಿಂಗ್ ಜಾಗದಲ್ಲಿ ಬಾಗಿಲನ್ನು ಅಷ್ಟು ತೆರೆಯಲು ಆಗಬೇಕಲ್ಲ.

ಪಾರ್ಕಿಂಗ್ ಜಾಗವನ್ನು ಟೇಪು ಹಿಡಿದು ಅಳೆಯಿರಿ. ಕಂಬದಿಂದ ಕಂಬಕ್ಕೆ ಎಷ್ಟು, ಪಕ್ಕದವರ ಕಾರು ನಿಂತಾಗ ಎಷ್ಟು ಉಳಿಯುತ್ತದೆ ಎಂದು ನೋಡಿ. ವ್ಯಾಗನ್ಆರ್‌ನ ಅಗಲ 1620 ಮಿಲಿಮೀಟರ್, ಸ್ವಿಫ್ಟಿನದು 1735, ಕ್ರೆಟಾದ್ದು 1790, ನೆಕ್ಸಾನ್‌ನದು 1800ಕ್ಕೂ ತುಸು ಹೆಚ್ಚು. ಇವೆಲ್ಲ ಪಕ್ಕದ ಕನ್ನಡಿಗಳನ್ನು ಬಿಟ್ಟ ಲೆಕ್ಕ. ವ್ಯಾಗನ್ಆರ್‌ಗೂ ನೆಕ್ಸಾನ್‌ಗೂ ನಡುವಿನ 18 ಸೆಂಟಿಮೀಟರು ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ನೆಲಮಾಳಿಗೆಯಲ್ಲಿ ಪ್ರತಿದಿನ ಗೊತ್ತಾಗುತ್ತದೆ. ಕಾರುಗಳನ್ನು ಒಂದರ ಮೇಲೊಂದು ಎತ್ತಿಡುವ ಯಾಂತ್ರಿಕ ಪಾರ್ಕಿಂಗ್ ಇದ್ದರೆ ಅದರ ಎತ್ತರದ ಮಿತಿಯನ್ನೂ ತೂಕದ ಮಿತಿಯನ್ನೂ ಸಂಘದವರಲ್ಲಿ ಕೇಳಿಕೊಳ್ಳಬೇಕು.

ತೆರಿಗೆ ಬರೆದ ವಿನ್ಯಾಸ

ನಮ್ಮಲ್ಲಿ ಇಷ್ಟೊಂದು ಕಾರುಗಳು 3995 ಮಿಲಿಮೀಟರ್ ಉದ್ದ ಇರುವುದು ಆಕಸ್ಮಿಕವಲ್ಲ. ನಾಲ್ಕು ಮೀಟರಿನೊಳಗಿನ ಉದ್ದ, 1200 ಸಿಸಿಯೊಳಗಿನ ಪೆಟ್ರೋಲ್ ಎಂಜಿನ್ ಅಥವಾ 1500 ಸಿಸಿಯೊಳಗಿನ ಡೀಸೆಲ್ ಎಂಜಿನ್ ಇದ್ದರೆ ಅದು ಸರ್ಕಾರದ ಕಣ್ಣಿನಲ್ಲಿ ಚಿಕ್ಕ ಕಾರು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಅದಕ್ಕೆ ಮೊದಲು ಶೇ 28 ಮತ್ತು ಅದರ ಮೇಲೊಂದಿಷ್ಟು ಸೆಸ್ ಇತ್ತು. ಈ ಎರಡು ಷರತ್ತುಗಳಲ್ಲಿ ಒಂದು ತಪ್ಪಿದರೂ ತೆರಿಗೆ ಶೇ 40. ಮಾರುತಿ ಬ್ರೆಜ್ಜಾ ನಾಲ್ಕು ಮೀಟರಿನೊಳಗೇ ಇದ್ದರೂ ಅದರ ಪೆಟ್ರೋಲ್ ಎಂಜಿನ್ ಸುಮಾರು 1.5 ಲೀಟರಿನದಾದ್ದರಿಂದ ಶೇ 40ರ ಸಾಲಿಗೆ ಸೇರುತ್ತದೆ. ಅದೇ ಕಂಪನಿಯ ಫ್ರಾಂಕ್ಸ್ ಚಿಕ್ಕ ಎಂಜಿನ್ನಿನಿಂದಾಗಿ ಶೇ 18ರಲ್ಲೇ ಉಳಿಯುತ್ತದೆ. ನೆಕ್ಸಾನ್ ಪೆಟ್ರೋಲಿನಲ್ಲೂ ಡೀಸೆಲಿನಲ್ಲೂ ಚಿಕ್ಕ ಕಾರೇ. ವಿದ್ಯುತ್ ಕಾರುಗಳಿಗೆ ಗಾತ್ರ ಎಷ್ಟೇ ಇದ್ದರೂ ಶೇ 5. ಎಂದರೆ ಒಂದೇ ಹಣಕ್ಕೆ ಎರಡು ಕಾರುಗಳು ಸಿಗುವಾಗ, ಒಂದರಲ್ಲಿ ನಿಮ್ಮ ಹಣ ಲೋಹಕ್ಕೂ ಸೀಟಿಗೂ ಹೋಗಿರುತ್ತದೆ, ಇನ್ನೊಂದರಲ್ಲಿ ಖಜಾನೆಗೆ ಹೋಗಿರುತ್ತದೆ.

ನಾಲ್ಕು ಮೀಟರಿನೊಳಗೆ ಹ್ಯಾಚ್‌ಬ್ಯಾಕ್, ಸೆಡಾನ್, ಚಿಕ್ಕ ಎಸ್‌ಯುವಿ ಮೂರೂ ಸಿಗುತ್ತವೆ. ಈಗಿನ ಒಲವು ಎಸ್‌ಯುವಿ ಕಡೆಗೆ. ಅವುಗಳಲ್ಲಿ ಹಲವು, ಎತ್ತರಿಸಿ ಕಪ್ಪು ಪ್ಲಾಸ್ಟಿಕ್ ಅಂಚು ಕಟ್ಟಿದ ಹ್ಯಾಚ್‌ಬ್ಯಾಕುಗಳೇ. ನೆಲದಿಂದ ಕಾರಿನ ತಳಕ್ಕಿರುವ ಎತ್ತರ ನಮ್ಮ ರಸ್ತೆಗಳಲ್ಲಿ ಉಪಯೋಗದ್ದೇ, ಐದು ಜನ ಕುಳಿತು ಡಿಕ್ಕಿ ತುಂಬಿದಾಗ ಕಾರು ತಗ್ಗುವುದರಿಂದ ಇನ್ನೂ ಉಪಯೋಗದ್ದು. ಆದರೆ ಊರಿನ ಮನೆಗೆ ಕಚ್ಚಾ ರಸ್ತೆ ಇಲ್ಲದವರು ಅದಕ್ಕೆಂದೇ ಹೆಚ್ಚು ತೆರುವ ಅಗತ್ಯವಿಲ್ಲ. ಸಾಮಾನು ಹೆಚ್ಚಿರುವ ಮನೆಗೆ ನನ್ನ ಮತ ಚಿಕ್ಕ ಸೆಡಾನಿಗೆ. ಸ್ವಿಫ್ಟಿನ ಡಿಕ್ಕಿ 265 ಲೀಟರ್. ಅದರದೇ ಸೆಡಾನ್ ರೂಪವಾದ ಡಿಜೈರ್‌ನದು 382, ಹೋಂಡಾ ಅಮೇಜ್‌ನದು 416. ಮಾರುಕಟ್ಟೆಯಲ್ಲಿ ಇವುಗಳಿಗೆ ಟ್ಯಾಕ್ಸಿ ಎಂಬ ಹೆಸರು ಅಂಟಿದೆ. ಟ್ಯಾಕ್ಸಿಯವರು ಕಿಲೋಮೀಟರಿಗೆ ಎಷ್ಟು ಪೈಸೆ ಎಂದು ಲೆಕ್ಕ ಹಾಕಿಯೇ ಕಾರು ಕೊಳ್ಳುವವರು ಎಂಬುದನ್ನು ಮರೆಯಬಾರದು.

ಯಾವ ಇಂಧನ?

ಇದಕ್ಕೆ ಉತ್ತರ ನಿಮ್ಮ ತಿಂಗಳ ಓಡಾಟದಲ್ಲಿದೆ. ಲೆಕ್ಕ ಸುಲಭವಾಗಲೆಂದು ಪೆಟ್ರೋಲ್ ಲೀಟರಿಗೆ 100, ಡೀಸೆಲ್ 90, ಸಿಎನ್‌ಜಿ ಕಿಲೋಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮೂರಿನ ಆ ದಿನದ ದರ ಹಾಕಿ ತಿದ್ದಿಕೊಳ್ಳಬಹುದು. ಒಂದು ಚಿಕ್ಕ ಎಸ್‌ಯುವಿ ನಗರ ಮತ್ತು ಹೆದ್ದಾರಿ ಸೇರಿ ಪೆಟ್ರೋಲಿನಲ್ಲಿ 13, ಡೀಸೆಲಿನಲ್ಲಿ 18 ಕಿಲೋಮೀಟರ್ ಮೈಲೇಜ್ ಕೊಟ್ಟರೆ, ಪೆಟ್ರೋಲಿಗೆ ಕಿಲೋಮೀಟರಿಗೆ 7 ರೂಪಾಯಿ 70 ಪೈಸೆ, ಡೀಸೆಲಿಗೆ 5 ರೂಪಾಯಿ. ಉಳಿತಾಯ 2 ರೂಪಾಯಿ 70 ಪೈಸೆ. ಡೀಸೆಲ್ ಕಾರಿಗೆ ತೆರಿಗೆ, ವಿಮೆ ಎಲ್ಲ ಸೇರಿದ ಆನ್-ರೋಡ್ ಬೆಲೆಯಲ್ಲಿ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಅದನ್ನು ಮರಳಿ ಪಡೆಯಲು ಸುಮಾರು 55 ಸಾವಿರ ಕಿಲೋಮೀಟರ್ ಓಡಬೇಕು. ತಿಂಗಳಿಗೆ 800 ಕಿಲೋಮೀಟರ್ ಓಡುವ ನಮ್ಮ ಕುಟುಂಬಕ್ಕೆ ಅದು ಹತ್ತಿರ ಹತ್ತಿರ ಆರು ವರ್ಷ. ಅಷ್ಟರಲ್ಲಿ ಕಾರು ಮಾರುವ ಮಾತು ಶುರುವಾಗಿರುತ್ತದೆ. ಇದರ ಮೇಲೆ, ಈಗಿನ ಮಾಲಿನ್ಯ ನಿಯಮವಾದ ಬಿಎಸ್-6ಕ್ಕೆ ಹೊಂದುವ ಡೀಸೆಲ್ ಎಂಜಿನ್ನಿನ ಹೊಗೆಕೊಳವೆಯಲ್ಲಿ ಮಸಿ ಹಿಡಿದಿಡುವ ಶೋಧಕ ಇರುತ್ತದೆ. ಅದು ತನ್ನನ್ನು ತಾನೇ ಸುಟ್ಟು ಶುದ್ಧಗೊಳಿಸಿಕೊಳ್ಳಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ದಿನವೂ ಎರಡು ಕಿಲೋಮೀಟರ್ ದೂರದ ಶಾಲೆಗೆ ಹೋಗಿ ಬರುವ ಕಾರಿನಲ್ಲಿ ಅದು ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಹುಬ್ಬಳ್ಳಿಯಿಂದ ವಾರವಾರವೂ ಬೆಂಗಳೂರಿಗೆ ಓಡಾಡುವವರಿಗೆ ಡೀಸೆಲ್ ಈಗಲೂ ಸರಿ. ಉಳಿದ ಬಹುತೇಕ ಮನೆಗಳಿಗೆ ಬೇಡ.

ಸಿಎನ್‌ಜಿಯ ಲೆಕ್ಕ ಇದಕ್ಕಿಂತ ಬೇಗ ಗಿಟ್ಟುತ್ತದೆ. ಕಿಲೋಗೆ 25 ಕಿಲೋಮೀಟರ್ ಬಂದರೆ ಖರ್ಚು ಕಿಲೋಮೀಟರಿಗೆ 3 ರೂಪಾಯಿ 60 ಪೈಸೆ; ಲೀಟರಿಗೆ 16 ಕೊಡುವ ಅದೇ ಕಾರಿನ ಪೆಟ್ರೋಲ್ ಖರ್ಚು 6 ರೂಪಾಯಿ 25 ಪೈಸೆ. ಸುಮಾರು 95 ಸಾವಿರದ ಹೆಚ್ಚುವರಿ ಬೆಲೆ 36 ಸಾವಿರ ಕಿಲೋಮೀಟರಿನಲ್ಲಿ ತೀರುತ್ತದೆ. ಆದರೆ ಒಂದೇ ದೊಡ್ಡ ಸಿಲಿಂಡರ್ ಇಟ್ಟ ಕಾರುಗಳಲ್ಲಿ ಡಿಕ್ಕಿ ಇದ್ದೂ ಇಲ್ಲದಂತೆ. 2023ರಲ್ಲಿ ಟಾಟಾ ಆಲ್ಟ್ರೋಜ್‌ನಲ್ಲಿ ಎರಡು ಚಿಕ್ಕ ಸಿಲಿಂಡರುಗಳನ್ನು ಡಿಕ್ಕಿಯ ನೆಲದಡಿ ಅಡಗಿಸಿದ ಮೇಲೆ ಈ ಕೊರತೆ ಒಂದಿಷ್ಟು ನೀಗಿತು. ಹುಂಡೈ ಕೂಡ ಅದೇ ದಾರಿ ಹಿಡಿಯಿತು. ಗ್ಯಾಸಿನಲ್ಲಿ ಎಂಜಿನ್ನಿನ ಶಕ್ತಿ ತುಸು ತಗ್ಗುವುದರಿಂದ ತುಂಬಿದ ಕಾರಿನಲ್ಲಿ ಘಾಟಿ ಹತ್ತುವಾಗ ಪೆಟ್ರೋಲಿಗೆ ಬದಲಿಸಿಕೊಳ್ಳುವುದು ವಾಡಿಕೆ.

ವಿದ್ಯುತ್ ಕಾರಿನಲ್ಲಿ ಎಲ್ಲವೂ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ರಾತ್ರಿ ನಿಮ್ಮ ಸ್ವಂತ ಪಾರ್ಕಿಂಗ್ ಜಾಗದಲ್ಲಿ ಚಾರ್ಜ್ ಮಾಡಲು ಆಗುತ್ತದೆಯೇ? ಆಗುವುದಾದರೆ, ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡುವ ಕಾರಿನ ಖರ್ಚು ಕಿಲೋಮೀಟರಿಗೆ ಸುಮಾರು ಒಂದು ರೂಪಾಯಿ. ಆಗದೆ ಸಾರ್ವಜನಿಕ ಚಾರ್ಜರುಗಳನ್ನೇ ನೆಚ್ಚಿಕೊಳ್ಳುವುದಾದರೆ ಉಳಿತಾಯದ ದೊಡ್ಡ ಪಾಲು ಕರಗುತ್ತದೆ, ಸಮಯ ಬೇರೆ ಹೋಗುತ್ತದೆ. ಕರ್ನಾಟಕದವರು ಇಲ್ಲಿ ಇನ್ನೊಂದನ್ನೂ ಎಣಿಸಬೇಕು. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನು ಕಟ್ಟಬೇಕು. ತಿಂಗಳಿಗೆ 800 ಕಿಲೋಮೀಟರಿಗೆ 115ರಿಂದ 130 ಯೂನಿಟ್ ಬೇಕಾಗುವುದರಿಂದ, ಈಗ ನೂರೈವತ್ತರ ಆಸುಪಾಸಿನಲ್ಲಿದ್ದು ಸೊನ್ನೆ ಬಿಲ್ಲು ಪಡೆಯುತ್ತಿರುವ ಮನೆಗೆ ಕಾರಿನ ಜೊತೆಗೆ ಮನೆಯ ವಿದ್ಯುತ್ತೂ ದುಡ್ಡಿನದಾಗುತ್ತದೆ. ಹಾಗಾದರೂ ಪೆಟ್ರೋಲಿಗಿಂತ ಅಗ್ಗವೇ, ಆದರೆ ಒಂದು ರೂಪಾಯಿಯ ಲೆಕ್ಕ ಉಳಿಯುವುದಿಲ್ಲ. ಕಂಪನಿ ಹೇಳುವ ರೇಂಜಿನಲ್ಲಿ, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರದಲ್ಲಿ, ಮುಕ್ಕಾಲು ಪಾಲನ್ನು ನಂಬಿ ಯೋಜನೆ ಹಾಕುವುದು ಕ್ಷೇಮ. ರಾಜ್ಯದಲ್ಲಿ ವಿದ್ಯುತ್ ಕಾರುಗಳಿಗೆ ವರ್ಷಗಳ ಕಾಲ ಜೀವಾವಧಿ ತೆರಿಗೆಯಿಂದ ಪೂರ್ಣ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷಕ್ಕೆ ಮೇಲ್ಪಟ್ಟವುಗಳಿಗೆ ಶೇ 10ರ ತೆರಿಗೆ ಬಂತು. ಈ ವಿನಾಯಿತಿ ಶಾಶ್ವತವೆಂದು ಎಣಿಸದೆ, ನೋಂದಣಿಯ ದಿನದ ದರವನ್ನು ಸಾರಿಗೆ ಇಲಾಖೆಯಿಂದಲೇ ತಿಳಿದುಕೊಂಡು ಬೆಲೆ ಹೋಲಿಸಬೇಕು.

ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್, ಇನೊವಾ ಹೈಕ್ರಾಸ್‌ನಂಥ ಹೈಬ್ರಿಡ್ ಕಾರುಗಳು ನಗರದ ವಾಹನದಟ್ಟಣೆಯಲ್ಲಿ ನಿಜವಾಗಿ ಇಂಧನ ಉಳಿಸುತ್ತವೆ, ಏಕೆಂದರೆ ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು ನಿಧಾನಗತಿಯಲ್ಲಿ ಎಂಜಿನ್ ಇಲ್ಲದೆಯೇ ಚಲಿಸುತ್ತವೆ. ಆದರೆ ಎರಡೂ ಶೇ 40ರ ಸಾಲಿನವು. 11 ಲಕ್ಷದ ಮಾತಿನಲ್ಲಿ ಅವುಗಳಿಗೆ ಜಾಗವಿಲ್ಲ.

ಗೇರಿನ ವಿಷಯದಲ್ಲಿ, ಬೆಂಗಳೂರಿನಲ್ಲಿ ಓಡಿಸುವವರಿಗೆ ಆಟೊಮ್ಯಾಟಿಕ್ ಈಗ ಶೋಕಿ ಎನಿಸಿಕೊಳ್ಳುವುದಿಲ್ಲ. ಅಗ್ಗದ್ದು ಎಎಂಟಿ: ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚು ತುಳಿದು ಗೇರು ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಮೈಲೇಜ್ ಕಡಿಮೆಯಾಗುವುದಿಲ್ಲ, ಆದರೆ ಗೇರು ಬದಲಾಗುವಾಗ ಒಂದು ತೂಗಾಟ ಇರುತ್ತದೆ. ಆಗುಂಬೆ ಘಾಟಿಯ ಹಿಮ್ಮುರಿ ತಿರುವಿನಲ್ಲಿ ಮುಂದಿನ ಬಸ್ಸು ನಿಂತು, ನೀವೂ ಏರಿನಲ್ಲಿ ನಿಂತು ಮತ್ತೆ ಹೊರಡಬೇಕಾದಾಗ ಕಾರು ಹಿಂದಕ್ಕೆ ಜಾರದಂತೆ ಹಿಡಿದಿಡುವ ಸೌಲಭ್ಯ ಇದೆಯೇ ಎಂದು ನೋಡಿಕೊಳ್ಳಬೇಕು. ಆಟೊಮ್ಯಾಟಿಕ್‌ನ ಇನ್ನೆರಡು ಬಗೆಗಳಾದ ಸಿವಿಟಿ ಮತ್ತು ಟಾರ್ಕ್ ಕನ್ವರ್ಟರ್ ನಯವಾಗಿರುತ್ತವೆ, ಬೆಲೆಯೂ ಹೆಚ್ಚು. ಎರಡು ಕ್ಲಚ್ಚಿನ ಡಿಸಿಟಿ ಹೆದ್ದಾರಿಯಲ್ಲಿ ಚುರುಕು. ಗಂಟೆಗಟ್ಟಲೆ ತೆವಳುವ ದಟ್ಟಣೆಯಲ್ಲಿ ಕ್ಲಚ್ಚು ಬಿಸಿಯಾಗುವ ಸಾಧ್ಯತೆ ಅದಕ್ಕೇ ಹೆಚ್ಚು.

ಸುರಕ್ಷತೆಯಲ್ಲಿ ನಕ್ಷತ್ರಗಳ ಹಿಂದೆ

2023ರ ಅಕ್ಟೋಬರ್‌ನಿಂದ ಭಾರತಕ್ಕೆ ತನ್ನದೇ ಅಪಘಾತ ಪರೀಕ್ಷೆಯ ವ್ಯವಸ್ಥೆ ಇದೆ, ಭಾರತ್ ಎನ್‌ಕ್ಯಾಪ್. ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮುಂಭಾಗದ ಒಂದು ಪಕ್ಕ ಬಡಿಯುವಂತೆ ತಡೆಗೋಡೆಗೆ ಗುದ್ದಿಸುತ್ತಾರೆ. ಪಕ್ಕದಿಂದ 50 ಕಿಲೋಮೀಟರ್ ವೇಗದಲ್ಲಿ ಬಂಡಿಯೊಂದು ಗುದ್ದುತ್ತದೆ. ಪಕ್ಕದಿಂದ ಕಂಬಕ್ಕೆ ಬಡಿಯುವ ಪರೀಕ್ಷೆಯೂ ಇದೆ. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49 ಅಂಕ. ಶೋರೂಮಿನಲ್ಲಿ ಐದು ನಕ್ಷತ್ರ ಎಂದರೆ ತಲೆದೂಗಿ ಸುಮ್ಮನಾಗಬೇಡಿ. ಎರಡೂ ಅಂಕಗಳನ್ನು ಬಿಡಿಬಿಡಿಯಾಗಿ ನೋಡಿ, ಮಕ್ಕಳಿರುವ ಮನೆಯವರು ಎರಡನೆಯದನ್ನು ಮೊದಲು ನೋಡಿ. ನೆಕ್ಸಾನ್, ಹೊಸ ಡಿಜೈರ್ ಐದು ನಕ್ಷತ್ರ ಪಡೆದ ಕಾರುಗಳಲ್ಲಿ ಸೇರಿವೆ. ಎಂದರೆ ಸುರಕ್ಷಿತ ಕಾರಿಗೆ ಎಸ್‌ಯುವಿಯೇ ಆಗಬೇಕೆಂದಿಲ್ಲ. ಮುಂದಿನ ಎರಡು ಏರ್‌ಬ್ಯಾಗುಗಳು ಎಲ್ಲ ಕಾರುಗಳಿಗೂ ಕಡ್ಡಾಯ. ಆರು ಇದ್ದರೆ, ಅದರಲ್ಲೂ ಪರದೆಯಂತೆ ಇಳಿಯುವವು ಹಿಂದಿನ ಸಾಲಿನವರ ತಲೆಯನ್ನೂ ಕಾಯುತ್ತವೆ. ವೇಗದ ತಿರುವಿನಲ್ಲಿ ಕಾರು ಜಾರದಂತೆ ಚಕ್ರಗಳನ್ನು ಬೇರೆಬೇರೆಯಾಗಿ ಹಿಡಿಯುವ ಇಎಸ್‌ಸಿ, ಮಳೆಗಾಲದ ಮಲೆನಾಡಿನ ರಸ್ತೆಗಳನ್ನು ಬಲ್ಲವರು ಬಿಡಬಾರದ ಸೌಲಭ್ಯ. ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟದಿದ್ದರೆ ಇವೆಲ್ಲದರ ಪ್ರಯೋಜನ ಅರ್ಧಕ್ಕರ್ಧ ಇಲ್ಲವಾಗುತ್ತದೆ ಎಂದು ಮನೆಯವರಿಗೆ ಹೇಳಿ ಒಪ್ಪಿಸುವುದು ಕಾರು ಆರಿಸುವುದಕ್ಕಿಂತ ಕಷ್ಟದ ಕೆಲಸ.

ವೇರಿಯಂಟ್ ಆರಿಸುವಾಗ ಈ ಪಟ್ಟಿಯನ್ನೇ ಮುಂದಿಟ್ಟುಕೊಳ್ಳಬೇಕು. ಆರು ಏರ್‌ಬ್ಯಾಗು, ಇಎಸ್‌ಸಿ, ಹಿಂದಿನ ಗಾಜಿನ ವೈಪರ್, ಹಿಂದಿನವರಿಗೆ ಎಸಿಯ ಕಿಂಡಿ ಯಾವ ವೇರಿಯಂಟಿನಲ್ಲಿ ಬರುತ್ತವೋ ಅಲ್ಲಿಗೆ ನಿಲ್ಲಿಸಿದರೆ ಸಾಕು. ಸನ್‌ರೂಫಿಗೆಂದು ಮೇಲಿನ ವೇರಿಯಂಟಿಗೆ ಹೋಗುವವರು, ಆ ಒಂದು ಹೆಜ್ಜೆ ಕಾರನ್ನು ಹತ್ತು ಲಕ್ಷದ ಗೆರೆಯಾಚೆಗೆ ತಳ್ಳುತ್ತದೆಯೇ ಎಂದು ಮೊದಲು ನೋಡಿಕೊಳ್ಳಲಿ.

ಕೊಟೇಶನ್ ಓದುವ ಬಗೆ

9 ಲಕ್ಷ ಎಕ್ಸ್-ಶೋರೂಂ ಬೆಲೆಯ ಪೆಟ್ರೋಲ್ ಕಾರೊಂದರ ಕೊಟೇಶನ್ ಹೀಗಿರುತ್ತದೆ. ಜೀವಾವಧಿ ತೆರಿಗೆ ಮತ್ತು ಸೆಸ್ 1,39,860. ವಿಮೆ ನಲವತ್ತರಿಂದ ಐವತ್ತು ಸಾವಿರ. ನೋಂದಣಿ ಶುಲ್ಕ, ಫಾಸ್ಟ್ಯಾಗ್ ಸಣ್ಣ ಮೊತ್ತಗಳು. ಇಲ್ಲಿಗೆ 11 ಲಕ್ಷಕ್ಕೆ ತುಸು ಕಡಿಮೆ ಆಗಿರುತ್ತದೆ, ಅಲ್ಲಿಗೆ ಮುಗಿಯಬೇಕು. ಆದರೆ ಅದರ ಕೆಳಗೆ "ಹ್ಯಾಂಡ್ಲಿಂಗ್", "ಲಾಜಿಸ್ಟಿಕ್ಸ್", "ಬೇಸಿಕ್ ಕಿಟ್", "ಪೇಂಟ್ ಕೋಟಿಂಗ್" ಎಂಬ ಸಾಲುಗಳು ಮೂವತ್ತು ನಲವತ್ತು ಸಾವಿರಕ್ಕೆ ಸೇರಿಕೊಂಡಿರುತ್ತವೆ. ಹ್ಯಾಂಡ್ಲಿಂಗ್ ಹಣವನ್ನು ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಕಾರನ್ನು ಶೋರೂಮಿಗೆ ತರುವ ಖರ್ಚು ಎಕ್ಸ್-ಶೋರೂಂ ಬೆಲೆಯೊಳಗೇ ಇರಬೇಕಾದದ್ದು. ನೆಲಹಾಸು, ಸೀಟಿನ ಹೊದಿಕೆ ಹೊರಗೆ ಅರ್ಧ ಬೆಲೆಗೆ ಸಿಗುತ್ತವೆ. ವಾರಂಟಿ ವಿಸ್ತರಣೆ ಮಾತ್ರ, ಇಲೆಕ್ಟ್ರಾನಿಕ್ಸ್ ತುಂಬಿದ ಇಂದಿನ ಕಾರುಗಳಿಗೆ ಕೊಟ್ಟ ಹಣಕ್ಕೆ ಬೆಲೆಬಾಳುವಂಥದ್ದು.

ವಿಮೆಯ ಸಾಲಿನಲ್ಲಿ ಎರಡು ಭಾಗಗಳಿವೆ. ಮೂರನೆಯವರ ಹಾನಿಗೆ ಸಂಬಂಧಿಸಿದ ಭಾಗವನ್ನು ಹೊಸ ಕಾರಿಗೆ ಒಮ್ಮೆಗೇ ಮೂರು ವರ್ಷಕ್ಕೆ ಮಾಡಿಸುವುದು 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಅದರ ದರವನ್ನು ಸರ್ಕಾರವೇ ನಿಗದಿ ಮಾಡುವುದರಿಂದ ಎಲ್ಲ ಕಂಪನಿಗಳಲ್ಲೂ ಒಂದೇ. ಸ್ವಂತ ಕಾರಿನ ಹಾನಿಯ ಭಾಗವನ್ನು ಒಂದು ವರ್ಷಕ್ಕೆ ಮಾಡಿಸಿದರೆ ಸಾಕು, ಚೌಕಾಶಿಗೆ ಜಾಗ ಇರುವುದು ಇಲ್ಲೇ. ಡೀಲರ ಬಳಿಯೇ ವಿಮೆ ಮಾಡಿಸಬೇಕೆಂಬ ಕಾನೂನಿಲ್ಲ. ಹೊರಗಿನ ದರವನ್ನು ಬರೆದುಕೊಂಡು ಹೋಗಿ ಮುಂದಿಟ್ಟರೆ ಹಲವು ಬಾರಿ ಅವರೇ ಇಳಿಯುತ್ತಾರೆ. ಹಳೆಯ ಕಾರಿನಲ್ಲಿ ಕ್ಲೈಮು ಮಾಡದೆ ಉಳಿಸಿಕೊಂಡಿರುವ ಬೋನಸ್ ಇದ್ದರೆ, ಅದು ಕಾರಿಗಲ್ಲದೆ ಮಾಲೀಕನಿಗೆ ಸೇರಿದ್ದಾದ್ದರಿಂದ, ಹೊಸ ಕಾರಿಗೆ ವರ್ಗಾಯಿಸಿಕೊಳ್ಳಬಹುದು. ಈ ಭಾಗದಲ್ಲಿ ಶೇ 50ರ ವರೆಗೆ ಕಡಿತ ಸಿಗುತ್ತದೆ. ಮೊದಲ ಕೆಲವು ವರ್ಷ ಬಿಡಿಭಾಗಗಳ ಸವಕಳಿ ಕಳೆಯದ ವಿಮೆ ಇರಲಿ. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರಿಗೆ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯೂ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿದಾಗ ನೀರಿನಲ್ಲಿದ್ದ ಕಾರುಗಳನ್ನು ಚಾಲೂ ಮಾಡಲು ಹೋಗಿ ಎಂಜಿನ್ ಕೆಡಿಸಿಕೊಂಡವರಿಗೆ ಸಾಮಾನ್ಯ ವಿಮೆಯಲ್ಲಿ ಅದರ ಪರಿಹಾರ ಸೇರಿರುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ತೆರಿಗೆ ಉಳಿಸಲು ಪುದುಚೇರಿಯಲ್ಲಿ ನೋಂದಣಿ ಮಾಡಿಸುವ ಸಲಹೆ ಕೊಡುವವರು ಈಗಲೂ ಸಿಗುತ್ತಾರೆ. ಬೇರೆ ರಾಜ್ಯದ ನೋಂದಣಿಯ ಕಾರು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಉಳಿದರೆ ಇಲ್ಲಿನ ಸಂಖ್ಯೆ ಪಡೆದು ಇಲ್ಲಿನ ತೆರಿಗೆ ಕಟ್ಟಬೇಕು.

ಸಾಲದ ವಿಷಯದಲ್ಲಿ, ಕಂತು ಎಷ್ಟು ಎಂಬುದಕ್ಕಿಂತ ಅವಧಿ ಎಷ್ಟು ಎಂದು ಕೇಳಬೇಕು. 8 ಲಕ್ಷಕ್ಕೆ ಶೇ 9ರ ಬಡ್ಡಿಯಲ್ಲಿ ಐದು ವರ್ಷದ ಕಂತು ಸುಮಾರು 16,600, ಒಟ್ಟು ಬಡ್ಡಿ 1 ಲಕ್ಷ 96 ಸಾವಿರ. ಏಳು ವರ್ಷಕ್ಕೆ ಹಿಗ್ಗಿಸಿದರೆ ಕಂತು 12,870ಕ್ಕೆ ಇಳಿದು ಬಡ್ಡಿ 2 ಲಕ್ಷ 81 ಸಾವಿರಕ್ಕೆ ಏರುತ್ತದೆ. ಬಡ್ಡಿಯಷ್ಟೇ ಅಲ್ಲದೆ, ಐದಾರನೆಯ ವರ್ಷದಲ್ಲಿ ಕಾರು ಬದಲಿಸುವ ಮನಸ್ಸಾದಾಗ ಅದರ ಮೇಲೆ ಸಾಲ ಇನ್ನೂ ಉಳಿದಿರುತ್ತದೆ. ಐದು ವರ್ಷದ ಕಂತು ಹೊರಲಾಗದಿದ್ದರೆ ಆ ಕಾರು ದುಬಾರಿ ಎಂದೇ ಅರ್ಥ. ಕಂತಿನ ಜೊತೆಗೆ 5,300 ರೂಪಾಯಿ ಪೆಟ್ರೋಲು, ವಿಮೆ ನವೀಕರಣಕ್ಕೆ ತಿಂಗಳಿಗೆ ಎರಡು ಸಾವಿರ, ಸರ್ವಿಸು ಮತ್ತು ಮುಂದೆ ಬರುವ ಟೈರುಗಳಿಗೆ ಒಂದೂವರೆ ಸಾವಿರ ತೆಗೆದಿಟ್ಟರೆ ತಿಂಗಳ ಖರ್ಚು 25 ಸಾವಿರ ದಾಟುತ್ತದೆ. ಮನೆಗೆ ಬರುವ ಸಂಬಳದ ಐದನೆಯ ಒಂದು ಭಾಗವನ್ನು ಇದು ಮೀರಬಾರದು ಎಂಬುದು ನನ್ನ ಅಳತೆ. ಮನೆಸಾಲ ಇದ್ದವರಿಗೆ ಇನ್ನೂ ಕಡಿಮೆ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಫಾರ್ಮ್ 35 ಮತ್ತು ನಿರಾಕ್ಷೇಪಣಾ ಪತ್ರ ಪಡೆದು ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರನ್ನು ತೆಗೆಸುವುದನ್ನು ಬಹಳ ಜನ ಮರೆಯುತ್ತಾರೆ, ಕಾರು ಮಾರುವ ದಿನ ಪರದಾಡುತ್ತಾರೆ.

ಟೆಸ್ಟ್ ಡ್ರೈವಿಗೆ ಶೋರೂಮಿನವರು ಆರಿಸುವ ನುಣುಪು ರಸ್ತೆ ಬೇಡ. ಮನೆಯವರೆಲ್ಲರನ್ನೂ ಕೂರಿಸಿಕೊಂಡು, ಎಸಿ ಹಾಕಿಕೊಂಡು, ನಿಮ್ಮ ಅಪಾರ್ಟ್‌ಮೆಂಟಿನ ಇಳಿಜಾರಿನಲ್ಲಿ ಇಳಿಸಿ ಹತ್ತಿಸಿ ನೋಡಿ. ತುಂಬಿದ ಕಾರಿನಲ್ಲಿ ಚಿಕ್ಕ ಎಂಜಿನ್ ಎಷ್ಟು ಏದುಸಿರು ಬಿಡುತ್ತದೆ, ಕಾರಿನ ತಳ ಎಲ್ಲಿ ತಾಗುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಮಾತು ಮುಗಿದು ಹಣ ಕಟ್ಟುವ ಮುನ್ನ ತಯಾರಿಕೆಯ ತಿಂಗಳನ್ನು ಕೇಳಿ. ಡಿಸೆಂಬರಿನ ದೊಡ್ಡ ರಿಯಾಯಿತಿ ಎಷ್ಟೋ ಬಾರಿ ಹಳೆಯ ದಾಸ್ತಾನು ತೀರಿಸುವ ಉಪಾಯ. ಆ ಕಾರನ್ನು ಜನವರಿಯಲ್ಲಿ ನೋಂದಾಯಿಸಿದರೂ ಮರುಮಾರಾಟದ ದಿನ ತಯಾರಿಕೆಯ ವರ್ಷವೇ ಲೆಕ್ಕಕ್ಕೆ ಬರುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರು ರಿಯಾಯಿತಿ ಪಡೆದುಕೊಳ್ಳಲಿ, ನಾಲ್ಕೈದು ವರ್ಷಕ್ಕೆ ಮಾರುವವರು ಬಿಟ್ಟುಬಿಡಲಿ. ನಿಮಗೆ ಗೊತ್ತುಮಾಡಿದ ಕಾರನ್ನು ನೋಂದಣಿಗೆ ಕಳಿಸುವ ಮೊದಲೇ ಡೀಲರ ಅಂಗಳದಲ್ಲಿ, ಹಗಲಿನ ಬೆಳಕಿನಲ್ಲಿ ನೋಡಬೇಕು: ಚಾಸಿ ಸಂಖ್ಯೆ ಇನ್‌ವಾಯ್ಸಿಗೆ ಹೊಂದುತ್ತದೆಯೇ, ಬಂಪರಿನ ಅಂಚಿನಲ್ಲಿ ಬಣ್ಣ ಬೇರೆಯಾಗಿ ಕಾಣುತ್ತದೆಯೇ, ಐದೂ ಟೈರುಗಳ ಮೇಲಿನ ತಯಾರಿಕೆಯ ವಾರ ಮತ್ತು ವರ್ಷ ಹತ್ತಿರ ಹತ್ತಿರ ಇವೆಯೇ, ಓಡೊಮೀಟರ್ ಎಷ್ಟು ತೋರಿಸುತ್ತದೆ. ದೋಷ ಕಂಡರೆ ಬೇರೆ ಕಾರು ಕೊಡಿ ಎಂದು ಕೇಳಬಹುದಾದದ್ದು ಆ ದಿನ ಮಾತ್ರ. ನಿಮ್ಮ ಹೆಸರಿಗೆ ನೋಂದಣಿಯಾದ ಮೇಲೆ ಡೀಲರು ಅದನ್ನು ರಿಪೇರಿ ಮಾಡಿಕೊಡುತ್ತಾನೆಯೇ ಹೊರತು ಬದಲಿಸಿಕೊಡುವುದಿಲ್ಲ.